ಕಾಕಾನ ಉಡದಾರದ ಢಬ್ಬು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ನನ್ನ ಕೊರಳಪಟ್ಟಿ ಹಿಡಿದು ಕೇಳುವುದು ಬೇಡ: ಆ ಢಬ್ಬನ್ನು ಹಾಳು ಮಾಡಿದವನು ನಾನು. ಅದು ಹಾಳಾಗುತ್ತಿದ್ದ ಹೊತ್ತಿನಲ್ಲಿ ನಾನು ಅಥಣಿ ಬಸ್ಸಿನ ಕಂಡಕ್ಟರನ ದನಿಯಲ್ಲಿ ಮಾತನಾಡುತ್ತಿದ್ದೆ, ಸುತ್ತ ಐದಾರು ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎದುರಿಗೆ ನಾಲ್ಕು ಜನ ನಕ್ಕರೆ ನನಗೆ ಬೇರೇನೂ ಕಾಣುವುದಿಲ್ಲ. ಮನೆಗೆ ಬೆಂಕಿ ಬಿದ್ದರೆ ನೀರು ತರುವುದನ್ನು ಬಿಟ್ಟು, ಬೆಂಕಿ ಆರಿಸುವ ಗಾಡಿಯ ಗಂಟೆಯನ್ನು ಬಾಯಲ್ಲಿ ಬಾರಿಸಿ ತೋರಿಸುವ ಪೈಕಿ ನಾನು.

ಮಿಮಿಕ್ರಿ ನನ್ನ ಕಸುಬು. ವಿಜಯಪುರದ ಮದುವೆ, ಸೀಮಂತ, ಮಾಸ್ತರರ ಬೀಳ್ಕೊಡುಗೆ, ಎಲ್ಲಿ ಊಟಕ್ಕೆ ತಡವಾಗುತ್ತದೋ ಅಲ್ಲಿ ಮೈಕು ನನ್ನ ಕೈಗೆ ಬರುತ್ತದೆ. ಉಳಿದ ಹೊತ್ತು ಗೋಳಗುಮ್ಮಟದ ಹತ್ತಿರದ ಅಂಗಡಿಯೊಂದರಲ್ಲಿ ಮೊಬೈಲು ರಿಪೇರಿ, ಅಥಣಿ ರಸ್ತೆಯ ಹೊಸ ಲೇಔಟಿನಲ್ಲಿ ಒಂದು ಖೋಲಿ. ನನ್ನ ಸ್ವಂತ ದನಿ ತಗಡು ಕೆರೆದಂತಿದೆ, ಅದಕ್ಕೇ ಕಂಡವರ ದನಿ ಎರವಲು ತಂದು ಹೊಟ್ಟೆ ಹೊರೆಯುತ್ತೇನೆ.

ಢಬ್ಬು ಎಂದರೆ ನಮ್ಮ ಕಡೆ ಹಳೆಯ ಕಾಲಾಣೆ, ತಾಮ್ರದ್ದು. ನಮ್ಮ ಕಾಕಾನನ್ನು ಅಂಥದೊಂದು ಢಬ್ಬಿಗೆ ಮಾರಿದ್ದರು. ಇದು ನನ್ನ ಚಾಷ್ಟಿಯ ಮಾತಲ್ಲ. ಅಪ್ಪನ ನಂತರ ಹುಟ್ಟಿದ ಮೂರು ಕೂಸುಗಳು ತೊಟ್ಟಿಲಲ್ಲೇ ಹೋದವು. ನಾಲ್ಕನೆಯದು ಹುಟ್ಟಿದಾಗ ನಮ್ಮ ಆಯಿ, ಎಂದರೆ ಅಪ್ಪನ ಅವ್ವ, ಅದನ್ನು ಮೊರದಲ್ಲಿ ಮಲಗಿಸಿಕೊಂಡು ನೆರೆಮನೆಯ ಹೊಸ್ತಿಲಿಗೆ ಒಯ್ದು ನೆರೆಯಾಕೆಗೆ ಮಾರಿದಳು. ಕೂಸು ಉಳಿಯದ ಮನೆಗಳಲ್ಲಿ ಹೀಗೆ ಮಾಡುತ್ತಿದ್ದರು. ಕೂಸು ಈ ಮನೆಯದಲ್ಲ, ಬೇರೆಯವರದು ಎಂದು ಸಾವಿಗೆ ಗುರುತು ತಪ್ಪಿಸುವ ಉಪಾಯ. ನೆರೆಯಾಕೆ ಒಂದು ಹಳೆಯ ಢಬ್ಬು ಕೊಟ್ಟು ಕೂಸನ್ನು ಕೊಂಡಳು, "ನನ್ನ ಮಗನ್ನ ನೀನ ಜ್ವಾಪಾನ ಮಾಡವಾ" ಎಂದು ಆಯಿಯ ಉಡಿಯಲ್ಲೇ ವಾಪಸು ಹಾಕಿದಳು. ವ್ಯವಹಾರ ತಿರುಗಬಾರದೆಂದು ಢಬ್ಬಿನ ಹಿಂಬದಿಗೆ ಕಳೆ ತೆಗೆಯುವ ಕುರ್ಪಿಯ ಮೊನೆಯಿಂದ ಎರಡು ಗೀರು, ಒಂದರ ಮೇಲೊಂದು ಅಡ್ಡ ಬರುವಂತೆ ಎಳೆದಳು. ಆಮೇಲೆ ಅಂಚಿಗೊಂದು ತೂತು ಹಾಕಿಸಿ ಕೂಸಿನ ಸೊಂಟದ ಉಡದಾರಕ್ಕೆ ಕಟ್ಟಿದರು.

ಕೂಸು ಉಳಿಯಿತು. ಬೆಳೆದು ಮೀಸೆ ಬಂದಮೇಲೂ ಅದನ್ನು ಬಿಚ್ಚಲಿಲ್ಲ. ದಾರ ಹಳತಾದರೆ ಹೊಸ ದಾರ, ಢಬ್ಬು ಮಾತ್ರ ಅದೇ. ಕಾಕಿ ಮದುವೆಯಾಗಿ ಬಂದ ಮೊದಲ ವಾರದಲ್ಲೇ ಅದೇನೆಂದು ಕೇಳಿದ್ದಳಂತೆ. ಕಾಕಾ ಹೇಳಿದ್ದನಂತೆ, "ನಾ ಮಾರಿದ ಮಾಲು. ಪಾವತಿ ಸೊಂಟದಾಗ ಐತಿ, ನೋಡ್ಕೊ."

ಈ ಮಾತನ್ನು ಕಾಕಿ ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಹೇಳುವಾಗಲೆಲ್ಲ ಆಕೆಯ ಮಾತೇ ಇರುತ್ತದೆ, ಕಾಕಾನ ದನಿ ಇರುವುದಿಲ್ಲ.

ಕಾಕಾ ಹೋದಾಗ ನನಗೆ ಏಳು ವರ್ಷ. ಈಗ ಇಪ್ಪತ್ನಾಲ್ಕು. ದ್ರಾಕ್ಷಿಗೆ ಔಷಧಿ ಹೊಡೆಯುವ ಪಂಪು ಕೆಟ್ಟಿತೆಂದು ಅದರದೊಂದು ಭಾಗವನ್ನು ಕಾಗದದಲ್ಲಿ ಸುತ್ತಿಕೊಂಡು, ಬಬಲೇಶ್ವರಕ್ಕೆ ಹೋಗಿ ಬರುತ್ತೇನೆಂದು ಹೊರಟವನು. ನಮ್ಮೂರು ತಿಕೋಟಾದ ಕಡೆಯ ಸಣ್ಣ ಊರು. ಕೆರೆಯ ಏರಿಯ ಮೇಲೆ ನಡೆದು ಹೋದರೆ ಬಸ್ಸಿನ ರಸ್ತೆ ಹತ್ತಿರ. ಅವನು ಏರಿ ಹತ್ತಿದ್ದನ್ನು ನೋಡಿದವರಿದ್ದಾರೆ, ಬಸ್ಸು ಹತ್ತಿದ್ದನ್ನು ನೋಡಿದವರಿಲ್ಲ. ಆ ವರ್ಷ ಕೆರೆ ತುಂಬಿತ್ತು. ಈಜು ಬಲ್ಲವರು ಎರಡು ದಿನ ಮುಳುಗಿ ಹುಡುಕಿದರು, ಏನೂ ಸಿಗಲಿಲ್ಲ. ಬಿದ್ದಿದ್ದರೆ ಮೇಲೆ ಬರಬೇಕಿತ್ತು, ಬರಲಿಲ್ಲ, ಆದ್ದರಿಂದ ಎಲ್ಲೋ ಇದ್ದಾನೆ ಎಂದು ಅಪ್ಪ. ಬುಡದಲ್ಲಿ ಜಾಲಿಯ ಬೇರುಗಳಿವೆ, ಅದರಲ್ಲಿ ಸಿಕ್ಕಿಕೊಂಡರೆ ಮೇಲೆ ಬರುವುದಿಲ್ಲ ಎಂದು ಊರು. ಮುಂದಿನ ವರ್ಷಗಳಲ್ಲಿ ಅವನನ್ನು ಮಿರಜದಲ್ಲಿ ಕಂಡವರಿದ್ದರು, ಸೊಲ್ಲಾಪುರದಲ್ಲಿ ಕಂಡವರಿದ್ದರು, ಪಂಢರಪುರದಲ್ಲಂತೂ ಮೂವರು ಕಂಡಿದ್ದರು. ಊರಲ್ಲಿದ್ದಾಗ ಎರಡನೆಯ ಸಲ ತಿರುಗಿ ನೋಡದಿದ್ದ ಮನುಷ್ಯನನ್ನು ಜನ ಇಡೀ ಮಹಾರಾಷ್ಟ್ರದ ತುಂಬ ಗುರುತು ಹಿಡಿದರು. ಪ್ರತಿ ಸಲವೂ ಅಪ್ಪ ಹೋಗಿ ಬಂದ. ಪ್ರತಿ ಸಲವೂ ಬೇರೆ ಯಾರೋ.

ಕಾಕಿಗೆ ಮಕ್ಕಳಿಲ್ಲ. ತವರಿಗೆ ಬಾ ಎಂದು ಅಣ್ಣಂದಿರು ಕರೆದರು, ಹೋಗಲಿಲ್ಲ. ಹಣೆಯ ಕುಂಕುಮ, ಕೈತುಂಬ ಹಸಿರು ಬಳೆ, ಕಾಲುಂಗುರ, ಹದಿನೇಳು ವರ್ಷವೂ ಇದ್ದಂತೆ ಇದ್ದವು. ಮದುವೆ ಮನೆಗಳಲ್ಲಿ ಆಕೆಯನ್ನು ಉಡಿ ತುಂಬಲು ಕರೆಯಬೇಕೋ ಬೇಡವೋ ಎಂದು ಹೆಂಗಸರು ಪರಸ್ಪರ ಮುಖ ನೋಡುತ್ತಿದ್ದರು. ಅವರು ನೋಡಿ ಮುಗಿಸುವುದರೊಳಗೆ ಕಾಕಿ ತಾನೇ ಎದ್ದು ನೀರು ಕೊಡಲು ಹೋಗುತ್ತಿದ್ದಳು.

ನನ್ನ ಮೊದಲ ಪ್ರೇಕ್ಷಕಿ ಆಕೆ. ಅಪ್ಪ ದಿನಕ್ಕೆ ಹತ್ತು ಮಾತಾಡುತ್ತಾನೆ, ಅದರಲ್ಲಿ ಎಂಟು ಎತ್ತಿಗೆ. ಆ ಹತ್ತನ್ನೂ ನಾನು ಆಡಿ ತೋರಿಸಿದರೆ ಕಾಕಿ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. ಒಮ್ಮೆ ಹಾಗೆ ನಕ್ಕ ಮೇಲೆ ಕೇಳಿದಳು, "ನಿನ್ನ ಕಾಕಾನ ದನಿ ಬರ್ತೈತೇನೊ ನಿನಗ?" ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಅವನು ನನ್ನನ್ನು ಹೆಗಲ ಮೇಲೆ ಹೊತ್ತದ್ದು ನೆನಪಿದೆ, ಅಂಗಿಯ ಔಷಧಿ ವಾಸನೆ ನೆನಪಿದೆ, ದನಿ ಇಲ್ಲ. ಊರಿನ ನಾಯಿಗಳ ಬೊಗಳನ್ನು ಬೇರೆಬೇರೆಯಾಗಿ ಮಾಡುವವನಿಗೆ ಕಾಕಾನ ಒಂದು ಕರೆ ಮಾಡಲು ಬರಲಿಲ್ಲ. "ಇರ್ಲಿ ಬಿಡು," ಎಂದಳು, "ನನಗೂ ಈಗ ಅಷ್ಟ ನೆಪ್ಪಿಲ್ಲ."

ಕಳೆದ ಬೇಸಿಗೆಯಲ್ಲಿ ಕೆರೆ ಒಣಗಿತು. ಜೇಸಿಬಿ ತಂದು ಹೂಳು ಎತ್ತಿದರು. ಕೆರೆಯ ಹೂಳು ಹೊಲಕ್ಕೆ ಬಂಗಾರವಿದ್ದಂತೆ. ಅತ್ತ ಕಳ್ಳಕವಟಗಿಯಿಂದಲೂ ಟ್ರ್ಯಾಕ್ಟರುಗಳು ಬಂದವು. ಅರ್ಧ ಹೂಳು ಹೊಲಗಳಿಗೆ ಹೋಯಿತು, ಅರ್ಧ ಇಟ್ಟಂಗಿ ಭಟ್ಟಿಗೆ. ಅದರಲ್ಲಿ ಏನೇನು ಹೋಯಿತೋ ಯಾರು ನೋಡಿದರು. ನಮ್ಮ ಹೊಲಕ್ಕೂ ಆರು ಟ್ರಿಪ್ಪು ಬಂತು. ಹೆಂಟೆ ಒಡೆಯುತ್ತಿದ್ದಾಗ ಕಾಕಿಯ ಕೈಗೆ ಅದು ಸಿಕ್ಕಿತು.

ನಾನು ಭಾನುವಾರ ಊರಿಗೆ ಹೋದಾಗ ಕಾಕಿ ನನ್ನನ್ನು ದನದ ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋಗಿ ಒಂದು ಕಡ್ಡಿಪೆಟ್ಟಿಗೆ ಕೊಟ್ಟಳು. ಒಳಗೆ ಹಸಿರು, ಬಿಳಿ, ಕಂದು ಬಣ್ಣದ ಒಂದು ಹಕ್ಕಳೆ. ಬಿಸ್ಕೀಟಿನಷ್ಟು ದಪ್ಪ, ಮೈಯೆಲ್ಲ ಸುಣ್ಣ ಕಟ್ಟಿ ಕಲ್ಲಾಗಿತ್ತು.

"ಏನಬೇ ಕಾಕಿ ಇದು? ಕಲ್ಲೈತಲ್ಲ."

"ಕಲ್ಲ ಇಷ್ಟ ಗುಂಡಗ ಇರ್ತೈತೇನೊ? ತೂಕ ನೋಡು."

ಅಂಗೈಯಲ್ಲಿ ಇಟ್ಟುಕೊಂಡೆ. ಲೋಹದ ತೂಕವೇ.

"ಅಪ್ಪಗ ತೋರಿಸಿದೇನು?"

"ಇಲ್ಲ. ಅವರಿಗೆ ಹೇಳಿದ್ರ ಇವತ್ತ ಒಂದ ದಿನದಾಗ ಮುದುಕ ಆಗ್ತಾರ. ಮೊದಲ ನೀ ಸಿಟ್ಯಾಗ ಯಾರಿಗರ ತೋರಿಸ್ಕೊಂಡ ಬಾ. ನಿಮ್ಮ ಕಾಕಾನ ಢಬ್ಬಿನ ಮ್ಯಾಲೆ ಗಡ್ಡದ ರಾಜಾ ಇದ್ದ. ಅಂಚಿಗೆ ತೂತಿತ್ತು. ಹಿಂದ ಎರಡ ಗೀರ, ಹಿಂಗ." ಬೆರಳಿನಿಂದ ನನ್ನ ಅಂಗೈಯ ಮೇಲೆ ಅಡ್ಡಡ್ಡ ಎಳೆದು ತೋರಿಸಿದಳು. "ರಾಜಾ ಎಲ್ಲಾ ಢಬ್ಬಿನ ಮ್ಯಾಲೂ ಇರ್ತಾನ. ಗೀರ ನೋಡು. ಇದ್ರ ಇದ್ದಾವಂತ ಹೇಳು, ಇಲ್ಲಂದ್ರ ಇಲ್ಲಂತ ಹೇಳು."

"ನೀನ ಹುಣಸಿಹಣ್ಣ ಹಚ್ಚಿ ತಿಕ್ಕಿದ್ರ ಗೊತ್ತಾಗ್ತಿತ್ತಲ್ಲ."

"ದೇವರ ಸಾಮಾನ ತಿಕ್ಕಿದಂಗ ಇದನ್ನ ತಿಕ್ಕಾಕ ಬರ್ತೈತೇನೊ? ಎರಡ ಸಲ ಕೈಗೆ ತಗೊಂಡೆ. ಆಗಲಿಲ್ಲ." ಆಮೇಲೆ ಎಡಗೈಯ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದಳು, "ಗೀರ ಇದ್ರ ನಾನ ಒಡಕೊಂತೀನಿ. ಯಾರೂ ಬಂದ ಒಡಸೂದ ಬ್ಯಾಡ. ಆವಾಗ ಅದನ್ನೂ ನಿಮ್ಮಪ್ಪಗ ಹೇಳ್ಬಿಡು."

ನಾನು ದೊಡ್ಡ ಡಾಕ್ಟರರ ದನಿ ತೆಗೆದು, "ರಿಪೋರ್ಟು ಬರೋತನಕ ಏನೂ ಚಿಂತಿ ಮಾಡಬ್ಯಾಡ್ರಿ" ಎಂದೆ. ಕಾಕಿ ನಗಲಿಲ್ಲ. ನಗದಿದ್ದದ್ದು ಅದೇ ಮೊದಲು.

ಗೋಳಗುಮ್ಮಟದ ಹತ್ತಿರ ಪ್ರವಾಸಿಗರಿಗೆ ಕೀಚೈನು, ಫೋಟೋ, ಹಳೆಯ ನಾಣ್ಯ ಮಾರುವ ಒಬ್ಬ ಮುದುಕನಿದ್ದಾನೆ. ನನ್ನ ಅಂಗಡಿಯಿಂದ ಕೂಗಿದರೆ ಕೇಳುವಷ್ಟು ದೂರ. ಹೊರಗಿನವರಿಗೆ ಎಲ್ಲ ನಾಣ್ಯವನ್ನೂ ಸುಲ್ತಾನರ ಕಾಲದ್ದೆಂದೇ ಮಾರುತ್ತಾನೆ. ನಮ್ಮಂಥವರು ಕೇಳಿದರೆ ನಿಜ ಹೇಳುತ್ತಾನೆ, ಅದಕ್ಕೆ ಸ್ವಲ್ಪ ಬೇಸರವನ್ನೂ ಪಡುತ್ತಾನೆ. ಅವನು ಹಕ್ಕಳೆಯನ್ನು ಅಂಗೈಯಲ್ಲಿ ತೂಗಿ ನೋಡಿದ. ತನ್ನ ತಟ್ಟೆಯಿಂದ ಒಂದು ಕಾಲಾಣೆ ತೆಗೆದು ಅದರ ಮೇಲೆ ಇಟ್ಟು ಅಗಲ ಅಳೆದ. ಎಂಜಲು ಹಚ್ಚಿದ ಹೆಬ್ಬೆರಳಿನಿಂದ ಒಂದು ಕಡೆ ಒರೆಸಿ ಬಿಸಿಲಿಗೆ ಓರೆಯಾಗಿ ಹಿಡಿದ.

"ಕಾಲಾಣೆ ಇದ್ರೂ ಇರಬಹುದು, ಅದಕ್ಕಿಂತ ಹಳೇದಿದ್ರೂ ಇರಬಹುದು. ಮ್ಯಾಲೆ ಸುಣ್ಣಾ ಕುಂತೈತಿ, ಕೆಳಗ ಹಸರ ತುಕ್ಕ ತಿಂದೈತಿ. ತಿಕ್ಕಬ್ಯಾಡ. ಒಂದ ಬಟ್ಟಲದಾಗ ಕುಸುಬಿ ಎಣ್ಣಿ ಹಾಕಿ ಅದರಾಗ ಮುಳುಗಿಸಿಡು. ವಾರಕ್ಕೊಮ್ಮೆ ಎಣ್ಣಿ ಬದಲಿಸು, ಮೆತ್ತಗಾದಷ್ಟು ಕಡ್ಡಿಲೆ ಎಬ್ಬಿಸು."

"ಎಷ್ಟ ದಿನಾರಿ?"

"ಆರ ತಿಂಗಳು."

ನಾನು ಅವನ ಮುಖಕ್ಕೇ ಅವನ ದನಿ ತಿರುಗಿಸಿ, ಹಲ್ಲಿಲ್ಲದ ಬಾಯಿ ಮಾಡಿ, "ಆರ ತಿಂಗಳು" ಎಂದೆ.

"ಅಣಗಸ್ತೀಯೇನು, ಅಣಗಸು. ಅಷ್ಟ ವರ್ಷ ಮಣ್ಣಾಗ ಮಲಗಿದ್ದು ನಿನ್ನ ಸಲುವಾಗಿ ಹತ್ತ ನಿಮಿಷದಾಗ ಎದ್ದ ಕೂಡತೈತೇನು?"

ಅವನ ಮಾತು ಕೇಳಬೇಕಿತ್ತು. ಹದಿನೇಳು ವರ್ಷ ಕಾದವಳನ್ನು ಇನ್ನಾರು ತಿಂಗಳು ಹೇಗೆ ಕಾಯಿಸುವುದು ಎಂದು ಆಗ ಅಂದುಕೊಂಡೆ. ಈಗಲೂ ಜನರ ಮುಂದೆ ಹಾಗೇ ಹೇಳುತ್ತೇನೆ. ಅದು ಅರ್ಧ ನಿಜ. ಇನ್ನರ್ಧವೇನೆಂದರೆ ಮುಂದಿನ ಭಾನುವಾರವೇ ಹೋಗಿ ಕಾಕಿಯ ಮುಂದೆ ನಿಂತು ಉತ್ತರ ಹೇಳುವ ಆಸೆ ನನಗೆ. ಉತ್ತರ ಯಾವುದಾದರೂ ಸರಿ, ಹೇಳುವವನು ನಾನಾಗಿರಬೇಕು. ಮೈಕು ಹಿಡಿದು ರೂಢಿಯಾದವರ ಹಣೆಬರಹ.

ಮರುದಿನ ಬಂಗಾರದ ಕೆಲಸ ಮಾಡುವ ಪತ್ತಾರನೊಬ್ಬನ ಅಂಗಡಿಗೆ ಹೋದೆ. ಅವನ ಮಗಳ ಮದುವೆಯಲ್ಲಿ ನಾನು ಕಾರ್ಯಕ್ರಮ ಕೊಟ್ಟಿದ್ದೆ, ಆ ಗುರುತು. ಅವನು ಹಕ್ಕಳೆಯನ್ನು ನೋಡಿ ಹೇಳಿದ, "ತೇಜಾಬದಾಗ ಹಾಕಿದ್ರ ತೊಳದಂಗ ಆಗ್ತೈತಿ. ಆದ್ರ ಅದು ಬೆಂಕಿ ಇದ್ದಂಗ, ಕಣ್ಣ ತಗೀಬಾರದು. ಎರಡ ನಿಮಿಷ, ಗುಳ್ಳಿ ಎದ್ದುವು ಅಂದ್ರ ಹೊರಗ ತಗಿ. ತಗದ ಕೂಡ್ಲೆ ನೀರಾಗ ಹಾಕು." ಆಭರಣ ತೊಳೆಯುವ ಆ ಆಸಿಡ್ಡನ್ನು ಪಿಂಗಾಣಿ ಬಟ್ಟಲಿಗೆ ಸುರಿದು, ಚಿಮಟಿಗೆ ನನ್ನ ಕೈಗೆ ಕೊಟ್ಟು, ತಾನು ಗಿರಾಕಿಯ ಬಳೆ ತೂಗಲು ಹೋದ. ನಾನು ಢಬ್ಬನ್ನು ಅದರೊಳಗೆ ಬಿಟ್ಟೆ. ಸುಯ್ ಎಂದಿತು.

ಗಿರಾಕಿಗಳಲ್ಲೊಬ್ಬಳು ನನ್ನನ್ನು ಗುರುತಿಸಿದಳು. "ಏ, ನೀ ಕಂಡಕ್ಟರ್ ಮಾಡಾಂವ ಅಲ್ಲೇನು? ನಮ್ಮ ಅಕ್ಕನ ಮಗನ ಮದುವ್ಯಾಗ ಮಾಡಿದ್ದಿ. ಒಂದ್ಸಲ ಮಾಡೋ."

"ಈಗ ಕೆಲಸದಾಗ ಅದೀನ್ರಿ."

"ಒಂದ ಸ್ವಲ್ಪ ಮಾಡೋ. ನಮ್ಮ ಸೊಸಿ ನೋಡಿಲ್ಲ."

ಒಂದು ಸ್ವಲ್ಪ ಮಾಡಿದೆ. ವಿಜಯಪುರ ಬಸ್ ನಿಲ್ದಾಣದಿಂದ ಅಥಣಿ ಬಸ್ಸು ಹೊರಟಿತು. "ಹಿಂದಕ್ಕ ಸರೀರಿ, ಹಿಂದಕ್ಕ ಸರೀರಿ, ಹಿಂದ ಇಡೀ ಗುಮ್ಮಟ ಖಾಲಿ ಬಿದ್ದೈತಿ." ಸೊಸೆ ನಕ್ಕಳು. ಪಕ್ಕದ ಅಂಗಡಿಯ ಇಬ್ಬರು ಬಾಗಿಲಿಗೆ ಬಂದರು. ತಿಕೋಟಾದಲ್ಲಿ ಕೋಳಿ ಹಿಡಿದ ಮುದುಕಿ ಹತ್ತಿದಳು, ಕೋಳಿಗೂ ತಿಕೀಟು ಕೇಳಿದ್ದಕ್ಕೆ ಕೋಳಿಯೇ ಕಂಡಕ್ಟರನಿಗೆ ಬೈಯಿತು. ಜನ ಹೆಚ್ಚಾದರು. ನಾನು ಮುದುಕಿ, ಕೋಳಿ, ಕಂಡಕ್ಟರ್ ಮೂವರೂ ಆಗಿ ಜಗಳವಾಡುತ್ತಿದ್ದಾಗ ಮೂಗಿಗೆ ಘಾಟು ಬಡಿಯಿತು. ಪತ್ತಾರ ಒದರಿದ. ತಿರುಗಿ ನೋಡಿದರೆ ಬಟ್ಟಲಿನಿಂದ ಕಂದು ಹೊಗೆ ಏಳುತ್ತಿತ್ತು, ಒಳಗಿನದು ನೀಲಿ-ಹಸಿರಾಗಿ ಕುದಿಯುತ್ತಿತ್ತು.

ಅವನೇ ಓಡಿಬಂದು ಚಿಮಟಿಗೆ ಕಸಿದುಕೊಂಡು ಎತ್ತಿ ನೀರಿಗೆ ಹಾಕಿದ.

"ಎರಡ ನಿಮಿಷ ಅಂದಿದ್ದೆ ನಿನಗ."

"ಎಷ್ಟ ಆತ್ರಿ?"

"ನನ್ನ ಕೇಳ್ತೀಯೇನು? ನಿನ್ನ ಬಸ್ಸ ಅಥಣಿ ಮುಟ್ಟೈತಿ."

ಜನ ಅದಕ್ಕೂ ನಕ್ಕರು. ನಾನೂ ನಕ್ಕೆ. ಬಾಯಿಗೆ ಅಭ್ಯಾಸವಾಗಿಬಿಟ್ಟಿದೆ.

ನೀರಿನಿಂದ ತೆಗೆದಾಗ ಅದು ಹಸಿ ಮಾಂಸದ ಬಣ್ಣಕ್ಕೆ ಹೊಳೆಯುತ್ತಿತ್ತು. ಅರ್ಧಕ್ಕರ್ಧ ತೆಳ್ಳಗಾಗಿತ್ತು. ಬಟ್ಟಲಿನ ತಳಕ್ಕೆ ಆತುಕೊಂಡಿದ್ದ ಮಗ್ಗಲಲ್ಲಿ ಒಂದು ತಲೆಯ ನೆರಳು ಉಳಿದಿತ್ತು, ಕಿರೀಟದ ಗೆರೆ, ಗಲ್ಲದ ಕೆಳಗೆ ಗಡ್ಡದ ಉಬ್ಬು. ಅಂಚಿನಲ್ಲಿ ಒಂದು ಕಡೆ ಕಚ್ಚಿ ತೆಗೆದಂತೆ ತಗ್ಗು. ಅದು ಉಡದಾರ ಸವೆಸಿದ ತೂತೋ, ತೇಜಾಬು ತಿಂದ ಜಾಗವೋ ಹೇಳಲಾಗದು. ಮೇಲಾಗಿದ್ದ ಮಗ್ಗಲನ್ನು ತಿರುಗಿಸಿದೆ. ಮಾಯ್ದ ಗಾಯದ ತೊಗಲಿನಂತೆ ನುಣ್ಣಗಿತ್ತು. ಅಕ್ಷರವಿಲ್ಲ, ಗೆರೆಯಿಲ್ಲ, ಏನೂ ಇಲ್ಲ. ಪತ್ತಾರ ಅಷ್ಟರಲ್ಲಿ ಬಟ್ಟಲಿನದನ್ನು ಮೋರಿಗೆ ಚೆಲ್ಲಿ ನೀರು ಹಾಕಿಬಿಟ್ಟಿದ್ದ.

ಗುಮ್ಮಟದ ಮುದುಕನ ಹತ್ತಿರ ಮತ್ತೆ ಹೋದೆ. ಅವನು ಬೈಯುತ್ತಾನೆಂದುಕೊಂಡಿದ್ದೆ. ಬೈಯಲಿಲ್ಲ. ಹೆಬ್ಬೆರಳಿನಿಂದ ಎರಡೂ ಕಡೆ ಸವರಿದ. ಈಗ ಗುರುತು ಸುಲಭವಾಗಿತ್ತು: ಕಾಲಾಣೆಯೇ, ಗಡ್ಡದ ರಾಜನ ಕಾಲದ್ದು, ಇಸವಿ ಹೋಗಿದೆ, ಟಂಕಿಸಿದ್ದು ಕಲ್ಕತ್ತೆಯಲ್ಲೋ ಮುಂಬಯಿಯಲ್ಲೋ ಹೇಳಲು ಬಾರದು. ಇಂಥವು ಆಗ ಮನೆಮನೆಯಲ್ಲೂ ಬಿದ್ದಿರುತ್ತಿದ್ದವು, ಕೂಸುಗಳ ಕೊರಳಿಗೆ, ಸೊಂಟಕ್ಕೆ, ಎಮ್ಮೆಯ ಕೊರಳಿಗೂ ಕಟ್ಟುತ್ತಿದ್ದರು ಎಂದ.

"ಹಿಂದ ಎರಡ ಗೀರ ಇದ್ದುವೋ ಇಲ್ಲೋ, ಅಷ್ಟ ಬೇಕಾಗಿತ್ರಿ."

"ಇದ್ರೂ ಹೋದ್ವು. ಇರದಿದ್ರೂ ಹಿಂಗ ಕಾಣ್ತೈತಿ." ಅದನ್ನು ನನ್ನ ಕೈಗೆ ಹಾಕಿದ. "ಏನ ಗುರುತದು?"

ಹೇಳಿದೆ. ಅವನು ತನ್ನ ತಟ್ಟೆಯ ನಾಣ್ಯಗಳನ್ನು ಸಾಲಾಗಿ ಜೋಡಿಸತೊಡಗಿದ. "ನಿನ್ನ ಅಂಗಡಿಗೆ ಗಿರಾಕಿ ಬಂದಾರ ನೋಡು, ಹೋಗು" ಎಂದ. ಗಿರಾಕಿ ಯಾರೂ ಬಂದಿರಲಿಲ್ಲ.

ಅಂಗಡಿಯಲ್ಲಿ ಕೂತು ಮೊಬೈಲು ಬಿಚ್ಚುವ ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಢಬ್ಬನ್ನು ರಬ್ಬರಿನ ಹಾಸಿನ ಮೇಲೆ ಅಂಗಾತ ಇಟ್ಟೆ. ಎರಡು ಗೀರು ಎಳೆಯಲು ಎಷ್ಟು ಹೊತ್ತು. ಎಳೆದರೆ ಕಾಕಿ ಬಳೆ ಒಡೆದುಕೊಂಡು ಅಳುತ್ತಾಳೆ, ಅತ್ತು ಒಂದು ದಿನ ಸುಮ್ಮನಾಗುತ್ತಾಳೆ. ಎಳೆಯದೆ "ಗೀರಿಲ್ಲ" ಎಂದು ಕೊಟ್ಟರೆ ಬಾಗಿಲಲ್ಲಿ ಸದ್ದಾದಾಗಲೆಲ್ಲ ತಲೆ ಎತ್ತುತ್ತಾಳೆ, ಸಾಯುವವರೆಗೆ. ಎರಡರಲ್ಲಿ ಯಾವುದು ಪುಣ್ಯ? ಇಷ್ಟು ವರ್ಷ ಬೇರೆಯವರ ಮಾತನ್ನು ಅವರಿಗಿಂತ ಚೆನ್ನಾಗಿ ಆಡುತ್ತೇನೆಂದು ಮೆರೆದವನು ನಾನು, ಸತ್ತವನ ಮಾತನ್ನೂ ಆಡಿಬಿಡು ಎಂದರೆ ಕೈ ಬರಲಿಲ್ಲ. ಸತ್ತವನೋ ಅಲ್ಲವೋ, ಅದೂ ಗೊತ್ತಿಲ್ಲ. ಸ್ಕ್ರೂಡ್ರೈವರನ್ನು ಡಬ್ಬಿಯಲ್ಲಿ ಹಾಕಿದೆ. ಒಳ್ಳೆಯತನದಿಂದಲ್ಲ, ಗೀರು ಸೊಟ್ಟಾಗಿ ಬಂದು ಸಿಕ್ಕಿಬೀಳುತ್ತೇನೆಂಬ ಅಂಜಿಕೆಯಿಂದ.

ಉಳಿದದ್ದು ಒಂದೇ ದಾರಿ. ಗೀರು ಎಳೆದಾಕೆ ಇನ್ನೂ ಇದ್ದಳು. ನಮ್ಮ ಆಯಿ ಹೋಗಿ ಎಷ್ಟೋ ವರ್ಷವಾಗಿತ್ತು, ಆದರೆ ಕಾಕಾನನ್ನು ಕೊಂಡ ನೆರೆಯಾಕೆ ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಬಬಲೇಶ್ವರದ ಮಗಳ ಮನೆಯಲ್ಲಿದ್ದಳು. ಗುರುವಾರ ಅಂಗಡಿಗೆ ರಜೆ ಹೇಳಿ ಅಲ್ಲಿಗೆ ಹೋದೆ. ಮುದುಕಿ ಪಡಸಾಲೆಯಲ್ಲಿ ಹೊರಸಿನ ಮೇಲೆ ಕೂತಿದ್ದಳು. ಕಣ್ಣು ಹೋಗಿದ್ದವು. ಯಾವ ಊರಿನ ಯಾರ ಮಗ ಎಂದು ಹೇಳಿದ ಕೂಡಲೇ ನನ್ನ ಮುಂಗೈ ಹಿಡಿದುಕೊಂಡಳು.

"ನನ್ನ ಮಗಾ ಬಂದಾನೇನೊ?"

ಕಾಕಾ ಪ್ರತಿ ವರ್ಷ ಪಂಚಮಿಗೆ ಆಕೆಗೆ ಉಂಡಿ ಒಯ್ದು ಕೊಡುತ್ತಿದ್ದನಂತೆ, ಕೊಂಡ ತಾಯಿ ಎಂದು. ನನಗದು ಗೊತ್ತೇ ಇರಲಿಲ್ಲ. ಪಂಪಿನ ಸಾಮಾನಿಗೆಂದು ಹೊರಟ ಆ ದಿನವೂ ಇಲ್ಲಿಗೆ ಬಂದು ಉಂಡು ಹೋಗುತ್ತೇನೆಂದು ಮೊದಲೇ ಹೇಳಿಕಳಿಸಿದ್ದನಂತೆ. "ಜ್ವಾಳದ ರೊಟ್ಟಿ, ಪುಂಡಿಪಲ್ಲೆ ಮಾಡಿದ್ದೆ. ಸಂಜಿತನಕ ಮುಚ್ಚಿಟ್ಟಿದ್ದೆ. ಆಮ್ಯಾಲ ಎಮ್ಮಿಗೆ ಹಾಕಿದೆ."

ಢಬ್ಬನ್ನು ಆಕೆಯ ಅಂಗೈಯಲ್ಲಿಟ್ಟೆ. ನಿನ್ನ ಕೈಯ ಗೀರು ಇದರಲ್ಲಿದೆಯೇ ನೋಡು ಎಂದೆ. ಮುದುಕಿ ಹೆಬ್ಬೆರಳಿನಿಂದ ಸವರಿದಳು, ಉಗುರಿನಿಂದ ಗೀಚಿದಳು, ಗಲ್ಲಕ್ಕೆ ಒತ್ತಿ ನೋಡಿದಳು. ತಿರುಗಿಸಿ ಮತ್ತೆ ಅದನ್ನೇ ಮಾಡಿದಳು. ಆಮೇಲೆ ಆಕೆಯ ಮುಖ ಅರಳಿತು.

"ಇದಲ್ಲೊ ತಮ್ಮಾ. ನಾ ಗೀರ ಆಳ ಎಳದಿದ್ದೆ, ಉಗುರ ಸಿಗಬಿದ್ದ ನಿಲ್ತಿತ್ತು. ಇದು ನುಣ್ಣಗೈತಿ. ಇದು ನನ್ನ ಮಗಂದಲ್ಲ." ಒಳಗಿದ್ದ ಮಗಳನ್ನು ಕೂಗಿದಳು, "ಏ, ಇವಗ ಚಾ ಮಾಡು. ನಿಮ್ಮಣ್ಣ ಎಲ್ಲೆರ ಅದಾನ. ಬರ್ತಾನಂವಾ. ನಾ ರೊಕ್ಕಾ ಕೊಟ್ಟ ತಗೊಂಡೀನಿ, ಹೆಂಗ ಹೋದಾನು?"

ತೇಜಾಬಿನ ಮಾತು ನನ್ನ ಬಾಯಿಯವರೆಗೆ ಬಂತು. ಚಹದ ಜೊತೆ ನುಂಗಿದೆ. ಮುದುಕಿ ನಾನು ಏಳುವವರೆಗೂ ನನ್ನ ಮುಂಗೈ ಬಿಡಲಿಲ್ಲ. ಅಷ್ಟು ಹೊತ್ತೂ ಆಕೆ ಅವನು ಬಂದಾಗ ಏನು ಮಾಡಿ ಉಣಿಸಬೇಕೆಂದೇ ಹೇಳುತ್ತಿದ್ದಳು. ಹದಿನೇಳು ವರ್ಷದ ಹಿಂದೆ ಮುಚ್ಚಿಟ್ಟದ್ದನ್ನು ನಾನು ಹೋಗಿ ಮತ್ತೆ ತೆರೆದಿಟ್ಟು ಬಂದೆ. ಆಮೇಲೆ ಮೂರು ತಿಂಗಳಿಗೆ ಆಕೆ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಬಾಗಿಲು ಹಾಕಗೊಡುತ್ತಿರಲಿಲ್ಲವಂತೆ.

ಭಾನುವಾರ ಊರಿಗೆ ಹೋದೆ. ಬಸ್ಸಿನಲ್ಲಿ ತಿಕೋಟಾದವರೆಗೂ ಏನು ಹೇಳಬೇಕೆಂದು ಒಳಗೇ ಹತ್ತು ಸಲ ಹೇಳಿಕೊಂಡೆ, ಹತ್ತು ಸಲವೂ ಬೇರೆ ಬೇರೆ ದನಿಯಲ್ಲಿ. ಕಾಕಿ ಅಂಗಳದಲ್ಲಿ ಚೀಲ ಹಾಸಿ ಒಣದ್ರಾಕ್ಷಿ ಸುರಿದುಕೊಂಡು ಕಡ್ಡಿ ಆರಿಸುತ್ತಿದ್ದಳು. ಅಪ್ಪನೂ ಅಲ್ಲೇ ಕಟ್ಟೆಯ ಮೇಲಿದ್ದ. ಅಷ್ಟರಲ್ಲಿ ಕಾಕಿ ಅವನಿಗೂ ಹೇಳಿಬಿಟ್ಟಿದ್ದಳೆಂದು ಅವನ ಕೂತ ರೀತಿಯಲ್ಲೇ ಗೊತ್ತಾಯಿತು. ನಾನು ಕಡ್ಡಿಪೆಟ್ಟಿಗೆ ಕೊಟ್ಟೆ.

ಕಾಕಿ ತೆರೆದಳು. ಆ ಹೊಳಪು ನೋಡಿದಳು. ಎತ್ತಲಿಲ್ಲ.

"ಏನ ಮಾಡಿದೆ ಇದಕ್ಕ?"

"ಪತ್ತಾರನ ಕಡೆ ಹೋಗಿದ್ದೆ. ತೇಜಾಬದಾಗ ಹಾಕಿದ್ವಿ. ಸ್ವಲ್ಪ ಹೊತ್ತ ಹೆಚ್ಚ ಆತು."

ಆಗ ಎತ್ತಿಕೊಂಡಳು. ತಲೆಯಿದ್ದ ಮಗ್ಗಲನ್ನು ನೋಡಲೇ ಇಲ್ಲ, ನೇರವಾಗಿ ತಿರುಗಿಸಿದಳು. ಹೆಬ್ಬೆರಳು ನುಣ್ಣನೆಯ ತಾಮ್ರದ ಮೇಲೆ ಒಮ್ಮೆ ಹೋಯಿತು, ಒಮ್ಮೆ ಬಂತು, ಮತ್ತೆ ಹೋಯಿತು. ಆ ಬೆರಳು ಅಲ್ಲಿ ಹುಡುಕುತ್ತಿದ್ದದ್ದನ್ನು ನಾನು ನೋಡಲಾರದೆ ಮಾತಾಡಲು ಸುರುಮಾಡಿದೆ. ಗುಮ್ಮಟದ ಮುದುಕನ ದನಿ ತಾನಾಗಿಯೇ ಬಂತು, ಹಲ್ಲಿಲ್ಲದ ಬಾಯಿ ಸಮೇತ. ಇದು ಕಾಲಾಣೆ, ಗಡ್ಡದ ರಾಜಂದು. ಕಲ್ಕತ್ತಾದಾಗ ಆಗಿರಬೇಕು, ಇಲ್ಲಾ ಮುಂಬೈದಾಗ. ಬರೇ ತಾಮ್ರ ಅಲ್ಲ, ಅದರಾಗ ಬ್ಯಾರೆ ಧಾತು ಕೂಡಸಿರ್ತಾರ. ಇಸವಿ ಹೋಗೇತಿ, ಆದ್ರ ಅಗಲದ ಮ್ಯಾಲಿಂದ ಪಕ್ಕಾ ಹೇಳಬಹುದು. ಇಂಥವು ಆಗ ಮನಿಮನಿಗೆ ಇದ್ದುವು.

ಅಪ್ಪ ಕಟ್ಟೆಯಿಂದ ಮುಂದಕ್ಕೆ ಬಾಗಿದ್ದ. ಪಾಪ, ಅವನಿಗೆ ಏನಾದರೊಂದು ತಿಳಿದರೆ ಸಾಕಾಗಿತ್ತು. "ಹಂಗಾದ್ರ ಭಾಳ ಹಳೇದಂದಂಗಾತು" ಎಂದ.

"ಹೌದಪ್ಪಾ, ನೂರ ವರ್ಷದ ಹತ್ರ ಆಗಿರಬೇಕು" ಎಂದೆ, ಇನ್ನೂ ಆ ಮುದುಕನ ದನಿಯಲ್ಲೇ.

ಕಾಕಿಯ ಕೈಯಲ್ಲಿ ಬಳೆಗಳು ಇವತ್ತಿಗೂ ಇವೆ. ಒಡೆದುಕೊಳ್ಳಲಿಲ್ಲ. ಆದರೆ ಬಳೆಗಾರ ಬಂದರೆ ಈಗ ಹೊರಗೆ ಬರುವುದಿಲ್ಲ. ಕೆಲಸ ಮಾಡುವಾಗ ತಾವಾಗಿ ಒಡೆದವು ಒಡೆದಂತೆ ಕಡಿಮೆಯಾಗುತ್ತ ಬಂದಿವೆ; ಮೊನ್ನೆ ನೋಡಿದಾಗ ಎಡಗೈಯಲ್ಲಿ ಮೂರು, ಬಲಗೈಯಲ್ಲಿ ಎರಡು. ಕುಂಕುಮ ಹಚ್ಚುತ್ತಾಳೆ, ಮರೆತ ದಿನ ಹಚ್ಚುವುದಿಲ್ಲ. ಆಕೆಯ ಮುಂದೆ ನಾನು ಯಾರ ದನಿಯನ್ನೂ ತೆಗೆದಿಲ್ಲ, ಆಕೆಯೂ ಕೇಳಿಲ್ಲ. ಢಬ್ಬಿನ ವಿಷಯವಾಗಿ ನಮ್ಮ ಮನೆಯಲ್ಲಿ ಕೊನೆಗೆ ಆದ ಮಾತು ಆ ಭಾನುವಾರದ್ದೇ. ಕಾಕಿ ಅದನ್ನು ಕಡ್ಡಿಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿ, ನನ್ನ ಕಡೆ ಸರಿಸಿ, ದ್ರಾಕ್ಷಿಯ ಕಡ್ಡಿ ಆರಿಸುತ್ತಲೇ ಅಂದಳು:

"ಅದು ಯಾವ ದುಡ್ಡಂತ ನಾ ಕೇಳಿದ್ದಿಲ್ಲೊ ಯಪ್ಪಾ. ಯಾರದಂತ ಕೇಳಿದ್ದೆ."